ಬಡ್ಡಿಯಿಂದ ಆರಂಭಿಸಿ: ಅರ್ಥಶಾಸ್ತ್ರವನ್ನು ನೀತಿ, ಧರ್ಮಗಳ ಜೊತೆಗೆ ಓದುವ ಬಗೆ

ಪಿಯುಸಿಯಲ್ಲೋ ಪದವಿಯ ಮೊದಲ ವರ್ಷದಲ್ಲೋ ಅರ್ಥಶಾಸ್ತ್ರಕ್ಕೆ ಕಾಲಿಡುವವರು ಬೇಡಿಕೆ, ಪೂರೈಕೆಗಳನ್ನು ಒಂದು ಪುಸ್ತಕದಲ್ಲಿ, ನ್ಯಾಯ ಅನ್ಯಾಯಗಳ ವಿಚಾರವನ್ನು ಇನ್ನೊಂದರಲ್ಲಿ ಓದಿ, ಧರ್ಮಗ್ರಂಥಗಳನ್ನು ದೇವರ ಕೋಣೆಯಲ್ಲೇ ಬಿಟ್ಟುಬಿಡುತ್ತಾರೆ. ಮೂರನ್ನೂ ಕೂಡಿಸಿ ಓದಬೇಕೆನ್ನುವವರು ಮೂರಕ್ಕೂ ಸೇರಿದ ಒಂದೇ ಪ್ರಶ್ನೆಯನ್ನು ಹಿಡಿಯುವುದು ಒಳ್ಳೆಯದು. ನನ್ನ ಮಟ್ಟಿಗೆ ಬಡ್ಡಿಗಿಂತ ತಕ್ಕ ಪ್ರಶ್ನೆ ಇನ್ನೊಂದಿಲ್ಲ.

ಮೊದಲು ಲೆಕ್ಕ ಮಾಡಿ, ತೀರ್ಪು ಆಮೇಲೆ. ಹೂ ಮಾರುವ ಹೆಂಗಸೊಬ್ಬಳು ನಸುಕಿನಲ್ಲಿ 900 ರೂಪಾಯಿ ಪಡೆದು ಸಂಜೆ 1,000 ಹಿಂದಿರುಗಿಸುತ್ತಾಳೆ ಎಂದುಕೊಳ್ಳಿ. ಒಂದೇ ದಿನಕ್ಕೆ ಬಡ್ಡಿ ನೂರಕ್ಕೆ 11 ರೂಪಾಯಿ ದಾಟಿತು. ಆ ಹಣದಲ್ಲಿ ಕೊಂಡ ಹೂವು 1,300ಕ್ಕೆ ಮಾರಾಟವಾದರೆ, ಬಂದ 400 ರೂಪಾಯಿಯಲ್ಲಿ ಕಾಲುಭಾಗ ಸಾಲ ಕೊಟ್ಟವನ ಪಾಲಾಗುತ್ತದೆ. ಮಳೆ ಹಿಡಿದು ಮೊಳ ಹೂವೂ ಹೋಗದಿದ್ದರೆ ನಷ್ಟವೆಲ್ಲ ಆಕೆಯದೇ. ಗೊತ್ತಿದ್ದೂ ಆಕೆ ಏಕೆ ಪಡೆಯುತ್ತಾಳೆ? ಗಿರವಿ ಇಡಲು ಒಡವೆಯಿಲ್ಲ, ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಸಗಟು ಹೂವಿನ ವ್ಯಾಪಾರ ಮುಗಿದಿರುತ್ತದೆ. ಅಪಾಯ, ಅಡಮಾನ, ಚೌಕಾಶಿಯ ಬಲ ಎಂಬ ಪಠ್ಯದ ಪದಗಳನ್ನು ಈ ಒಂದು ದಿನದ ವ್ಯಾಪಾರಕ್ಕೆ ಹಚ್ಚಿ ನೋಡಿ.

ಅನಂತರ ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಬನ್ನಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಇದನ್ನು ಪ್ರಕಟಿಸಿದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅದರ ಮೂರನೆಯ ಅಧಿಕರಣದಲ್ಲಿ (ಭಾಗದಲ್ಲಿ) ನೂರು ಪಣಕ್ಕೆ, ಅಂದರೆ ಅಂದಿನ ನೂರು ನಾಣ್ಯಕ್ಕೆ, ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ ಬಡ್ಡಿ. ವ್ಯಾಪಾರಕ್ಕೆ 5, ಕಾಡು ಹಾದು ಹೋಗುವವರಿಗೆ 10, ಸಮುದ್ರಯಾನ ಮಾಡುವವರಿಗೆ 20. ನಮ್ಮ ಹಳ್ಳಿಗಳಲ್ಲಿ ಇಂದಿಗೂ "ಎರಡು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ ತಿಂಗಳಿಗೆ ಎರಡು ಎಂದೇ ಅರ್ಥ, ಆದ್ದರಿಂದ ಈ ಲೆಕ್ಕ ನಮಗೆ ಪರಕೀಯವಲ್ಲ. ವರ್ಷಕ್ಕೆ ಪರಿವರ್ತಿಸಿದರೆ 15, 60, 120, 240 ಪ್ರತಿಶತ. ಅಪಾಯ ಏರಿದಂತೆ ದರ ಏರುವುದನ್ನು ಒಪ್ಪಿಕೊಂಡೂ, ಅದರಲ್ಲಿ ಒಂದನ್ನು ಮಾತ್ರ ಧರ್ಮದ ದರವೆಂದು ಬೇರೆಯಾಗಿಯೇ ಹೆಸರಿಸಿದ್ದನ್ನು ಗಮನಿಸಿ.

ಕುರಾನ್ ವ್ಯಾಪಾರವನ್ನು ಒಪ್ಪಿ ರಿಬಾವನ್ನು, ಅಂದರೆ ಬಡ್ಡಿಯನ್ನು, ನಿಷೇಧಿಸುತ್ತದೆ. ಇಲ್ಲಿ ಕೇಳಬೇಕಾದ್ದು ನಷ್ಟ ಯಾರ ಹೆಗಲಿಗೆ ಎಂದು: ಮುದಾರಬ ಎಂಬ ಪಾಲುದಾರಿಕೆಯಲ್ಲಿ ಬಂಡವಾಳ ಹಾಕಿದವನು ಲಾಭದ ಪಾಲು ಪಡೆಯುತ್ತಾನೆ, ಹಣ ಮುಳುಗಿದರೆ ತಾನೇ ಹೊರುತ್ತಾನೆ. ಹೂ ಮಾರುವವಳ ಲೆಕ್ಕವನ್ನು ಈ ನಿಯಮದಂತೆ ಮತ್ತೊಮ್ಮೆ ಬರೆಯಿರಿ. ಬೈಬಲಿನ ಧರ್ಮೋಪದೇಶಕಾಂಡ ಸ್ವಜನರಿಂದ ಬಡ್ಡಿ ಪಡೆಯಬಾರದೆಂದೂ ಪರದೇಶಿಯಿಂದ ಪಡೆಯಬಹುದೆಂದೂ ಹೇಳುತ್ತದೆ. ಅಲ್ಲಿ ಏಳುವ ಪ್ರಶ್ನೆ, ನಮ್ಮವರು ಎಂದರೆ ಯಾರು ಎಂಬುದು. ಯಾವ ಗ್ರಂಥವನ್ನೂ ಇನ್ನೊಂದನ್ನು ಹಳಿಯಲು ಬಳಸಬೇಡಿ. ಆ ಧರ್ಮದಲ್ಲಿ ಬಾಳುವವರ ಬಾಯಿಂದಲೇ ಅರ್ಥ ಕೇಳಿ ತಿಳಿಯುವುದು ಓದಿನ ಭಾಗವೇ.

ಆಡಂ ಸ್ಮಿತ್‌ನನ್ನು ಇಲ್ಲಿಯವರೆಗೆ ತಡೆದು ಇಟ್ಟುಕೊಳ್ಳಿ. ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆತ 1776ರ ತನ್ನ 'ವೆಲ್ತ್ ಆಫ್ ನೇಷನ್ಸ್' ಗ್ರಂಥದಲ್ಲಿ ಬಡ್ಡಿಗೆ ಕಾನೂನಿನ ಮಿತಿ ಇರಲಿ ಎಂದ. ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಾಮ್ 1787ರಲ್ಲಿ ಅದನ್ನು ಖಂಡಿಸಿ ಬರೆದ. ಇಬ್ಬರ ವಾದವನ್ನೂ ರೇಖಾಚಿತ್ರದಲ್ಲಿ ಬಿಡಿಸಿ: ಮಿತಿ ಮಾರುಕಟ್ಟೆಯ ದರಕ್ಕಿಂತ ಕೆಳಗಿದ್ದರೆ ಸಾಲ ಕೇಳುವವರು ಹೆಚ್ಚುತ್ತಾರೆ, ಕೊಡುವವರು ಕಡಿಮೆಯಾಗುತ್ತಾರೆ. ಕರ್ನಾಟಕವು 2004ರಲ್ಲಿ ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ತಂದಿದೆ. ಆ ಕಾಯ್ದೆಯ ಬಲದಿಂದ ಸಾಲ ಕೊಡುವವನು ಜಾಗ ಖಾಲಿ ಮಾಡಿದರೆ, ಮರುದಿನ ನಸುಕಿನಲ್ಲಿ ಹೂ ಮಾರುವವಳಿಗೆ 900 ರೂಪಾಯಿ ಯಾರು ಕೊಡುತ್ತಾರೆ?

ಇದಕ್ಕೆ ಒಂದು ಉತ್ತರ ಗದಗ ಸಮೀಪದ ಕಣಗಿನಹಾಳದಲ್ಲಿದೆ. ಅಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿ, ರೈತರ ಹಣವನ್ನು ರೈತರಿಗೇ ಸಾಲವಾಗಿ ಸಿಗುವಂತೆ ಮಾಡಿದರು. ನಿಮ್ಮೂರಿನ ಸಹಕಾರ ಸಂಘಕ್ಕೋ ಸ್ತ್ರೀಶಕ್ತಿ ಗುಂಪಿಗೋ ಹೋಗಿ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಬಡ್ಡಿ ಎಷ್ಟು, ಕಂತು ತಪ್ಪಿದರೆ ಏನು ಮಾಡುತ್ತಾರೆ, ವರ್ಷದ ಕೊನೆಗೆ ಲಾಭ ಯಾರಿಗೆ ಹೋಗುತ್ತದೆ.