ಬಿಸಿ, ತೇವ ಒಟ್ಟಾದಾಗ ಕಾರ್ಬನ್ ಫೈಬರ್: ನನ್ನ ಅನುಭವ

ಕಾರ್ಬನ್ ನಾರು ನೀರು ಹೀರುವುದಿಲ್ಲ. ಅದನ್ನು ಹಿಡಿದಿಟ್ಟಿರುವ ಎಪಾಕ್ಸಿ ರಾಳ ಹೀರುತ್ತದೆ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವಿಮಾನದ ಲ್ಯಾಮಿನೇಟುಗಳನ್ನು (ನಾರು, ರಾಳಗಳ ಪದರಗಳನ್ನು ಒಂದರ ಮೇಲೊಂದು ಕೂಡಿಸಿ ಮಾಡಿದ ಹಲಗೆಗಳನ್ನು) ಪರೀಕ್ಷಿಸುವ ನನಗೆ ಎಲ್ಲ ಲೆಕ್ಕಾಚಾರವೂ ಶುರುವಾಗುವುದು ಇಲ್ಲಿಂದಲೇ.

ತುಂಡುಗಳನ್ನು ಒಣಗಿಸಿ ತೂಗಿದ ಮೇಲೆ 70 ಡಿಗ್ರಿ ಸೆಲ್ಸಿಯಸ್, ಶೇ 85 ಆರ್ದ್ರತೆಯ ಚೇಂಬರಿನಲ್ಲಿ ಇಡುತ್ತೇನೆ. ಹಿಡಿತಕ್ಕೆಂದು ತುದಿಗೆ ಅಂಟಿಸಿದ ಪಟ್ಟಿಗಳೂ ನೀರು ಹೀರುತ್ತವೆ. ಹಾಗಾಗಿ ಅದೇ ಹಲಗೆಯಿಂದ ಕತ್ತರಿಸಿದ, ಪಟ್ಟಿಯಿಲ್ಲದ ಸಾಕ್ಷಿ ತುಂಡುಗಳನ್ನೂ ಜೊತೆಗಿಟ್ಟು, ವಾರಕ್ಕೊಮ್ಮೆ ಅವುಗಳನ್ನೇ ಒರೆಸಿ ತೂಗುತ್ತೇನೆ. ಸತತ ಎರಡು ವಾರವೂ ತೂಕದ ವ್ಯತ್ಯಾಸ ಶೇ 0.02ಕ್ಕಿಂತ ಕಡಿಮೆಯಿದ್ದರೆ ಹೀರಿದ್ದು ಸಾಕಾಯಿತೆಂದು ಅರ್ಥ. ದಪ್ಪ ಎರಡು ಪಟ್ಟಾದರೆ ಕಾಯುವ ಕಾಲ ನಾಲ್ಕು ಪಟ್ಟು. ಕುದಿಯುವ ನೀರಿಗೆ ಹಾಕಿ ಬೇಗ ಮುಗಿಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ: ಆ ಕಾವಿಗೆ ರಾಳವೇ ಬಿರುಕು ಬಿಡಬಹುದು, ವಿಮಾನ ಎಂದೂ ಕಾಣದ ಹಾನಿಯನ್ನು ಅಳೆದಂತಾಗುತ್ತದೆ.

ಹೀರುವ ನೀರು ಸಾಮಾನ್ಯವಾಗಿ ತೂಕದ ಶೇ 1ರ ಆಸುಪಾಸು. ಅಷ್ಟಕ್ಕೇ ರಾಳ ಬಿಗುವು ಕಳೆದುಕೊಂಡು ಮೆತ್ತಗಾಗುವ ತಾಪಮಾನ ಹತ್ತಾರು ಡಿಗ್ರಿ ಕೆಳಗಿಳಿಯುತ್ತದೆ. ನಾರಿನ ಉದ್ದಕ್ಕೆ ಎಳೆದರೆ ಇದು ಅಷ್ಟಾಗಿ ಕಾಣದು, ಏಕೆಂದರೆ ಅಲ್ಲಿ ಭಾರ ಹೊರುವುದು ನಾರು. ಒತ್ತಿದಾಗ ನಾರು ಬಾಗದಂತೆ ಪಕ್ಕದಿಂದ ಆತುಕೊಳ್ಳಬೇಕಾದದ್ದು ರಾಳ. ಒಣ ತುಂಡು ಫಟ್ಟೆಂದು ಸಿಡಿಯುತ್ತದೆ. ಬಿಸಿಯಲ್ಲಿರುವ ಒದ್ದೆ ತುಂಡು ಮಂದ ಸದ್ದಿನಲ್ಲಿ, ಅದಕ್ಕಿಂತ ಕಡಿಮೆ ಭಾರಕ್ಕೇ ಸೋಲುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ ನಾರುಗಳೆಲ್ಲ ಒಂದೇ ಕಡೆಗೆ ವಾಲಿ, ಓರೆಯಾದ ಪಟ್ಟೆಯಲ್ಲಿ ಮುರಿದಿರುತ್ತವೆ.

ಅತಿ ಎಚ್ಚರ ಬೇಕಾದದ್ದು ಪರೀಕ್ಷೆಯ ಹೊತ್ತಿನಲ್ಲಿ. ಯಂತ್ರದ ಸುತ್ತಲಿನ ಬಿಸಿ ಪೆಟ್ಟಿಗೆಯ ಗಾಳಿ ಒಣದು. ತಿಂಗಳಿಡೀ ಹೀರಿದ ನೀರು ಹೊರಪದರಗಳಿಂದ ಹೊರಡಲು ಹೆಚ್ಚು ಹೊತ್ತು ಬೇಡ. ತುಂಡನ್ನು ಒದ್ದೆ ಬಟ್ಟೆಯೊಂದಿಗೆ ಚೀಲದಲ್ಲಿ ಮುಚ್ಚಿಯೇ ತರುತ್ತೇನೆ. ಪೆಟ್ಟಿಗೆ, ಹಿಡಿಕೆ ಎರಡನ್ನೂ ಮೊದಲೇ ಕಾಯಿಸಿಟ್ಟು, ತುಂಡಿಗೆ ತಾಗಿಸಿದ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಬೇಕಾದ ಅಂಕಿ ತೋರಿಸಿದ ಕೆಲವೇ ನಿಮಿಷಗಳಲ್ಲಿ ಭಾರ ಹಾಕುತ್ತೇನೆ. ಪಕ್ಕದಲ್ಲೇ ಒಂದು ಸಾಕ್ಷಿ ತುಂಡನ್ನೂ ಇಟ್ಟು, ಪರೀಕ್ಷೆ ಮುಗಿದೊಡನೆ ತೂಗಿ, ಎಷ್ಟು ನೀರು ಹೋಯಿತೆಂದು ವರದಿಯಲ್ಲಿ ಬರೆಯುತ್ತೇನೆ. ಈ ಸಾಲಿಲ್ಲದ ಬಿಸಿ-ತೇವ ವರದಿಯನ್ನು ನಾನು ನಂಬುವುದಿಲ್ಲ.

ಒದ್ದೆ ರಾಳ ಮೆತ್ತಗಾಗುವ ತಾಪಮಾನಕ್ಕಿಂತ 28 ಡಿಗ್ರಿ ಕೆಳಗೇ ಬಳಕೆಯ ಗರಿಷ್ಠ ಮಿತಿ ಇರಲಿ ಎನ್ನುವುದು ವೈಮಾನಿಕ ವಿನ್ಯಾಸದಲ್ಲಿ ರೂಢಿಯಲ್ಲಿರುವ ಸೂತ್ರ. ಅದಕ್ಕೇ ಹೊಸ ರಾಳ ಬಂದಾಗ ಒದ್ದೆ ಸ್ಥಿತಿಯ ಆ ಅಂಕಿಯನ್ನು ಮೊದಲು ಕೇಳುತ್ತೇನೆ. ತಯಾರಕರ ಬಳಿ ಇಲ್ಲದಿದ್ದರೆ ನಾವೇ ಅಳೆಯುತ್ತೇವೆ. ಬಲದ ಪರೀಕ್ಷೆ ಅದಾದ ಮೇಲೆಯೇ.