ಜೂನ್ 30ರಂದು ನಿವೃತ್ತರಾದವರ ಒಂದು ಇನ್‌ಕ್ರಿಮೆಂಟು: ಹಿಂಬಾಕಿ ಕೈಗೆ ಬರುವವರೆಗೆ

ನಾನು ನಿವೃತ್ತಳಾದದ್ದು 2021ರ ಜೂನ್ 30ರಂದು. ಕೊರೊನಾ ಕಾಲ, ದಾವಣಗೆರೆಯ ನಮ್ಮ ಕಚೇರಿಯ ವರಾಂಡದಲ್ಲಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮುಖಗವಸು ಹಾಕಿಕೊಂಡೇ ಒಂದು ಫೋಟೊ. ನನ್ನ ವಾರ್ಷಿಕ ವೇತನ ಬಡ್ತಿಯ ದಿನಾಂಕ ಜುಲೈ 1. ವರ್ಷವಿಡೀ ದುಡಿದು ಗಳಿಸಿದ ಇನ್‌ಕ್ರಿಮೆಂಟು ಬೆಳಗಾದರೆ ಸಿಗಬೇಕು, ಹಿಂದಿನ ಸಂಜೆ ನಾನು ಶಾಲು ಹೊದ್ದು ಮನೆಗೆ ಬಂದೆ. ಆಗ ಮೂಲವೇತನ 51,400 ರೂಪಾಯಿ. ಬಡ್ತಿ ಸೇರಿದ್ದರೆ 52,650. ‘1,250 ರೂಪಾಯಿಗೆ ಇಷ್ಟೆಲ್ಲ ಓಡಾಟವೇ ಅಮ್ಮಾ’ ಎಂದು ಮಗ ಕೇಳಿದ. ಪಿಂಚಣಿ ಎಂಬುದು ಒಂದು ತಿಂಗಳ ಬಾಬತ್ತಲ್ಲ ಎಂದು ಅವನಿಗೆ ತಿಳಿಸಿ ಹೇಳಲು ಕಾಗದ, ಪೆನ್ನು ಬೇಕಾಯಿತು. ಆ ಲೆಕ್ಕ ಮುಂದೆ ಬರುತ್ತದೆ.

ನಮ್ಮ ಪಾಲಿಗೆ ಬಾಗಿಲು ತೆರೆದದ್ದು 2023ರ ಏಪ್ರಿಲ್ 11ರ ಸುಪ್ರೀಂ ಕೋರ್ಟ್ ತೀರ್ಪು. ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಮತ್ತು ಮುಂಡಿನಮನಿ ನಡುವಿನ ಪ್ರಕರಣ, ಸಿವಿಲ್ ಅಪೀಲು 2471/2023. ನಮ್ಮ ರಾಜ್ಯದ ವಿದ್ಯುತ್ ನೌಕರರೇ ಹೋರಾಡಿ ಗೆದ್ದದ್ದು. ಒಂದು ವರ್ಷದ ಸೇವೆಯಿಂದ ಬಡ್ತಿ ಗಳಿಸಿಯಾಗಿದೆ. ಅದು ಜಾರಿಯಾಗುವ ಮರುದಿನ ನೌಕರ ಕೆಲಸದಲ್ಲಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ತಪ್ಪಿಸುವಂತಿಲ್ಲ ಎಂಬುದು ತೀರ್ಪಿನ ಸಾರ.

ಈ ತೀರ್ಪಿನ ಸುದ್ದಿ ಓದಿದ ಕೂಡಲೇ ಹಣ ತಾನಾಗಿ ಬರುತ್ತದೆ ಎಂದು ಕಾದವರು ನನ್ನ ಪರಿಚಯದಲ್ಲೇ ಹತ್ತಾರು ಮಂದಿ. ಬರುವುದಿಲ್ಲ. ಕಚೇರಿಯಿಂದ ಬರುವ ಉತ್ತರ ಒಂದೇ: ‘ಸದರಿ ತೀರ್ಪು ಅರ್ಜಿದಾರರಿಗೆ ಮಾತ್ರ ಅನ್ವಯಿಸುವುದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’ ಈ ಒಕ್ಕಣೆಯನ್ನು ನಾನು ಬಾಯಿಪಾಠ ಹೇಳಬಲ್ಲೆ. ಸಿಬ್ಬಂದಿ ಶಾಖೆಯಲ್ಲಿ ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಬೇರೆ ಬೇರೆ ತೀರ್ಪು ಹಿಡಿದು ಬಂದವರಿಗೆಲ್ಲ ನಾನೇ ಅದನ್ನು ಬರೆದುಕೊಟ್ಟಿದ್ದೇನೆ. 2023ರಲ್ಲಿ ನನ್ನ ಮನವಿಗೆ ಬಂದ ಹಿಂಬರಹದಲ್ಲೂ ಅದೇ ವಾಕ್ಯ, ಅದೇ ಅಲ್ಪವಿರಾಮ. ಬರೆದ ಹುಡುಗನಿಗೆ ಟಿಪ್ಪಣಿ ಬರೆಯಲು ಕಲಿಸಿದವಳೂ ನಾನೇ.

ಕೇಳುವ ಮೊದಲು ನೀವು ಯಾವ ಗುಂಪಿಗೆ ಸೇರುತ್ತೀರಿ ಎಂದು ನೋಡಿಕೊಳ್ಳಿ. 2025ರ ಫೆಬ್ರುವರಿ 20ರಂದು ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರದ ನೌಕರರ ಪ್ರಕರಣದಲ್ಲಿ ಯಾರಿಗೆ ಯಾವ ದಿನಾಂಕದಿಂದ ಎಂಬುದನ್ನು ಸ್ಪಷ್ಟಪಡಿಸಿದೆ. ಅದರಂತೆ, ದಾವೆ ಹೂಡಿ ಗೆದ್ದು ಆ ತೀರ್ಪು ಅಂತಿಮವಾಗಿದ್ದರೆ ಅದರಲ್ಲಿ ಹೇಳಿದಷ್ಟೂ ಸಿಗಬೇಕು. ಅದೇ ಪ್ರಕರಣದ 2023ರ ಮೇ 19ರ ತೀರ್ಪಿಗೆ ಮೊದಲೇ ಕೋರ್ಟಿಗೆ ಅರ್ಜಿ ಹಾಕಿದ್ದವರಿಗೆ, ಅರ್ಜಿ ಹಾಕಿದ ತಿಂಗಳಿನಿಂದ ಹಿಂದಕ್ಕೆ ಮೂರು ವರ್ಷದ ಬಾಕಿ. ಆಮೇಲೆ ಅರ್ಜಿ ಹಾಕಿದವರಿಗೆ, ಕೋರ್ಟಿನ ಮೆಟ್ಟಿಲನ್ನೇ ಹತ್ತದವರಿಗೆ ಹೆಚ್ಚಿದ ಪಿಂಚಣಿ 2023ರ ಮೇ 1ರಿಂದ ಮಾತ್ರ. ಯಾರಾದರೂ ಗೆದ್ದುಕೊಂಡು ಬರಲಿ, ಆಮೇಲೆ ನೋಡೋಣ ಎಂದು ಸುಮ್ಮನಿದ್ದವರು ಕಳೆದುಕೊಂಡದ್ದು ಅಲ್ಲಿಯವರೆಗಿನ ಎಲ್ಲ ತಿಂಗಳುಗಳನ್ನು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿ ಎನ್‌ಪಿಎಸ್‌ (ಹೊಸ ಪಿಂಚಣಿ ಯೋಜನೆ)ನಲ್ಲಿರುವವರಿಗೆ ಈ ಲೆಕ್ಕಾಚಾರ ಹೊಂದುವುದಿಲ್ಲ.

ಈಗ ಸೇವಾ ಪುಸ್ತಕ. ಅರ್ಧ ಜನ ಸೋಲುವುದು ಇಲ್ಲಿಯೇ. ಕೊನೆಯ ಬಡ್ತಿ ಪಡೆದ ದಿನದಿಂದ ನಿವೃತ್ತಿಯ ದಿನದವರೆಗೆ ಪೂರ್ಣ ಹನ್ನೆರಡು ತಿಂಗಳ ಸೇವೆ ಅದರಲ್ಲಿ ಕಾಣಬೇಕು. ನಡುವೆ ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಅಸಾಧಾರಣ (ಸಂಬಳವಿಲ್ಲದ) ರಜೆ ಹಾಕಿದ್ದರೆ ಬಡ್ತಿಯ ದಿನಾಂಕ ಮುಂದೆ ಹೋಗಿರುತ್ತದೆ. ‘ಜೂನ್ 30ರಂದು ನಿವೃತ್ತಿ’ ಎಂಬುದು ಒಂದೇ ಸಾಲದು. ಕೊನೆಯ ಎರಡು ವರ್ಷದ ಪುಟಗಳು, ಕೊನೆಯ ವೇತನ ಬಡ್ತಿ ಮಂಜೂರಾತಿ ಆದೇಶ, ನಿವೃತ್ತಿ ಆದೇಶ, ಪಿಪಿಓ ಅಂದರೆ ಪಿಂಚಣಿ ಪಾವತಿ ಆದೇಶ. ಈ ನಾಲ್ಕರ ಪ್ರತಿ ಕೈಯಲ್ಲಿದ್ದರೆ ಯಾರೂ ನಿಮ್ಮನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸಲಾರರು.

ನಮ್ಮ ಭಾಗದವರಿಗೆ ಇನ್ನೊಂದು ಪೀಕಲಾಟವಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ನಾನು 1987ರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದ್ದು ಚಿತ್ರದುರ್ಗದಲ್ಲಿ. ಜಿಲ್ಲೆ ಒಡೆದಾಗ ಕುರ್ಚಿ, ಬೀರು ಹಂಚಿದಂತೆ ಕಡತಗಳನ್ನೂ ಹಂಚಿದರು. ನನ್ನ ಸೇವಾ ಪುಸ್ತಕದ ಎರಡನೆಯ ಸಂಪುಟ ದಾವಣಗೆರೆಯಲ್ಲಿ, ಮೊದಲನೆಯದು ಚಿತ್ರದುರ್ಗದ ಹಳೆಯ ಕಚೇರಿಯ ಬೀರುವಿನ ಮೇಲೆ, ಗೋಣಿಚೀಲದಲ್ಲಿ. ಹರಪನಹಳ್ಳಿಯ ನನ್ನ ಗೆಳತಿಯ ಗೋಳು ಇನ್ನೂ ದೊಡ್ಡದು: ಆ ತಾಲ್ಲೂಕು ಮೊದಲು ಬಳ್ಳಾರಿ, 1997ರಿಂದ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, ಈಗ ವಿಜಯನಗರ. ಅವಳು ಊರು ಬಿಟ್ಟು ಕದಲಲಿಲ್ಲ, ಕಡತ ಮಾತ್ರ ತೀರ್ಥಯಾತ್ರೆ ಮಾಡಿತು. ಆದ್ದರಿಂದ ಹಿಂಬಾಕಿಯ ಮನವಿಗೆ ಮೊದಲು ಸೇವಾ ಪುಸ್ತಕ ಎಲ್ಲಿದೆ ಎಂಬುದನ್ನು ಬರವಣಿಗೆಯಲ್ಲಿ ಪತ್ತೆ ಮಾಡಿಕೊಳ್ಳಿ. ಬಾಯಿಮಾತಿಗೆ ಬಗ್ಗದಿದ್ದರೆ ಮಾಹಿತಿ ಹಕ್ಕು: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮೇಷ್ಟರುಗಳು ಇದನ್ನು ಮರೆತು ನಾಲ್ಕು ಪುಟ ಬರೆಯುತ್ತಾರೆ, ಕಚೇರಿಯವರು ಸಂತೋಷದಿಂದ ತಿರಸ್ಕರಿಸುತ್ತಾರೆ. ‘ನನ್ನ ಸೇವಾ ಪುಸ್ತಕದ ಎಲ್ಲ ಸಂಪುಟಗಳ ದೃಢೀಕೃತ ಪ್ರತಿ’ ಎಂದಷ್ಟೇ ಕೇಳಿ.

ಮನವಿ ಒಂದು ಪುಟದಲ್ಲಿ ಮುಗಿಯಲಿ. ಹುದ್ದೆ, ಕೊನೆಯ ಬಡ್ತಿಯ ದಿನಾಂಕ, ನಿವೃತ್ತಿಯ ದಿನಾಂಕ, ತೀರ್ಪಿನ ಸಂಖ್ಯೆ ಮತ್ತು ದಿನಾಂಕ. ಒಂದು ಕಾಲ್ಪನಿಕ (ಸಂಬಳವಾಗಿ ಸಿಗದೆ ಪಿಂಚಣಿಯ ಲೆಕ್ಕಕ್ಕೆ ಮಾತ್ರ ಹಿಡಿಯುವ) ವೇತನ ಬಡ್ತಿ ಸೇರಿಸಿ ಪಿಂಚಣಿ ಪರಿಷ್ಕರಿಸಿ ಹಿಂಬಾಕಿ ಕೊಡಿ ಎಂಬ ಕೋರಿಕೆ. ಸೇವೆಯ ಕಷ್ಟಸುಖ, ಬಿ.ಪಿ., ಸಕ್ಕರೆ ಕಾಯಿಲೆ ಬೇಡ. ಓದುವವನಿಗೆ ಬೇಕಾದ ಮೂರು ದಿನಾಂಕಗಳು ಅವುಗಳ ನಡುವೆ ಮುಚ್ಚಿಹೋಗುತ್ತವೆ. ಸಮಾನ ಸ್ಥಿತಿಯಲ್ಲಿರುವ ನೌಕರರಿಗೂ ತೀರ್ಪಿನ ಲಾಭ ಸಿಗಬೇಕು, ಆದರೆ ಕೇಳದೆ ಮಲಗಿದವರಿಗೆ ಅದು ತಪ್ಪಬಹುದು ಎಂದು ಸುಪ್ರೀಂ ಕೋರ್ಟ್ 2014ರ ಅಕ್ಟೋಬರ್ 17ರಂದು ಅರವಿಂದ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಹೇಳಿದೆ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಮೂರು ಪ್ರತಿ ಮಾಡಿಸಿ: ಒಂದು ವೇತನ ಬಟವಾಡೆ ಅಧಿಕಾರಿಗೆ, ಇನ್ನೊಂದು ಇಲಾಖೆಯ ಮುಖ್ಯಸ್ಥರಿಗೆ, ಮೂರನೆಯದರ ಮೇಲೆ ಟಪಾಲು ಶಾಖೆಯ ಮೊಹರು ಮತ್ತು ಸಂಖ್ಯೆ ಹಾಕಿಸಿ ಮನೆಗೆ. ‘ಇಟ್ಟು ಹೋಗಿ ಮೇಡಂ, ನಾವಿದ್ದೇವಲ್ಲ’ ಎಂದಾಗ ಇಟ್ಟು ಹೋಗಬೇಡಿ. ಹಾಗೆ ಇಟ್ಟು ಹೋದವರ ಕಾಗದಗಳು ನನ್ನ ಮೇಜಿನ ಗಾಜಿನ ಕೆಳಗೆ ಎಷ್ಟು ಕಾಲ ಇರುತ್ತಿದ್ದವು ಎಂಬುದು ನನಗೆ ಗೊತ್ತು.

ಮೊಹರು ಬೇಕಾಗುವುದು ಮುಂದಿನ ಹೆಜ್ಜೆಗೆ. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಇಲ್ಲವೇ ‘ಆಗುವುದಿಲ್ಲ’ ಎಂದು ಹಿಂಬರಹ ಬಂದರೆ, ರಾಜ್ಯ ನೌಕರರು ಹೋಗಬೇಕಾದದ್ದು ಕೆಎಟಿಗೆ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಂತೆ ಹಿಂಬರಹದ ದಿನಾಂಕದಿಂದ ಒಂದು ವರ್ಷ. ಉತ್ತರವೇ ಬಾರದಿದ್ದರೆ ಆ ಆರು ತಿಂಗಳು ಕಳೆದ ಮೇಲೆ ಒಂದು ವರ್ಷ. ದಾವಣಗೆರೆ, ಚಿತ್ರದುರ್ಗದವರು ಬೆಂಗಳೂರಿಗೇ ಹೋಗಬೇಕು. ಕೇಂದ್ರದ ಅಂಚೆ, ರೈಲ್ವೆ ಇಲಾಖೆಯವರ ನ್ಯಾಯಮಂಡಳಿ ಬೇರೆ. ಅವರಿಗೆ 2024ರ ಅಕ್ಟೋಬರ್ 14ರ ಸುತ್ತೋಲೆಯೂ ಇದೆ: ಈ ಬಡ್ತಿಯನ್ನು ಪಿಂಚಣಿಗೆ ಮಾತ್ರ ಎಣಿಸಬೇಕು, ಉಳಿದ ನಿವೃತ್ತಿ ಸೌಲಭ್ಯಗಳಿಗಲ್ಲ ಎಂದು.

ಒಬ್ಬರೇ ಹೋಗಬೇಡಿ. ಒಂದೇ ಕಾರಣಕ್ಕೆ ಒಂದೇ ಪರಿಹಾರ ಕೇಳುವವರು ಸೇರಿ ಒಂದೇ ಅರ್ಜಿ ಹಾಕಬಹುದು. ನಾವು ಹತ್ತು ಮಂದಿ ವಿದ್ಯಾನಗರದ ನಮ್ಮ ಮನೆಯ ಜಗುಲಿಯಲ್ಲಿ ಮಂಡಕ್ಕಿ ತಿನ್ನುತ್ತ ಪಟ್ಟಿ ಮಾಡಿದೆವು. ವಕೀಲರಿಗೆ ತಲಾ ಮೂರು ಸಾವಿರ. ಹತ್ತು ಜನರಲ್ಲಿ ಒಬ್ಬರ ದಿನಾಂಕ ಹೊಂದದಿದ್ದರೂ ಸರ್ಕಾರಿ ವಕೀಲರು ಅದನ್ನೇ ಹಿಡಿದು ಎಲ್ಲರನ್ನೂ ಎಳೆದಾಡುತ್ತಾರೆ. ಡಿಸೆಂಬರ್‌ನಲ್ಲಿ ನಿವೃತ್ತರಾದ ಒಬ್ಬರನ್ನು ನಾನು ಅಲ್ಲಿಯೇ ಕೈಬಿಟ್ಟೆ. ಅವರ ಬಡ್ತಿ ದಿನಾಂಕವೂ ಜುಲೈ 1 ಆಗಿತ್ತು. ಬೇಸರ ಮಾಡಿಕೊಂಡರು, ಮಂಡಕ್ಕಿ ಮುಗಿಸಿಯೇ ಹೋದರು.

2023ರ ನವೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಮರುವರ್ಷ ಆದೇಶ ಬಂತು, ಗೆದ್ದೆವು ಎಂದು ಸಿಹಿ ಹಂಚಿದೆವು. ಆದೇಶದ ಕೊನೆಯ ಪ್ಯಾರಾ ಓದಿದ್ದರೆ ಹಂಚುತ್ತಿರಲಿಲ್ಲ. ಅದರಲ್ಲಿ ಇದ್ದದ್ದು ‘ಮೂರು ತಿಂಗಳೊಳಗೆ ಮನವಿಯನ್ನು ಪರಿಗಣಿಸುವುದು’ ಎಂದು. ಪರಿಗಣಿಸುವುದು ಬೇರೆ, ನೀಡುವುದು ಬೇರೆ. ಕಚೇರಿ ಮೂರು ತಿಂಗಳೊಳಗೆ ಪರಿಗಣಿಸಿತು, ಪರಿಗಣಿಸಿ ತಿರಸ್ಕರಿಸಿತು. ಆದೇಶಕ್ಕೆ ಎಳ್ಳಷ್ಟೂ ಭಂಗ ಬರಲಿಲ್ಲ! 2024ರ ಸೆಪ್ಟೆಂಬರ್‌ನಲ್ಲಿ ಆ ಹಿಂಬರಹವನ್ನು ಪ್ರಶ್ನಿಸಿ ಎರಡನೆಯ ಅರ್ಜಿ ಹಾಕಬೇಕಾಯಿತು. ವಕೀಲರಿಗೆ ಮೊದಲ ದಿನವೇ ಹೇಳಿ: ಪಿಂಚಣಿ ಪರಿಷ್ಕರಿಸಿ ಇಂಥ ದಿನಾಂಕದಿಂದ ಬಾಕಿ ಪಾವತಿಸಲು ನಿರ್ದೇಶನ ಬೇಕು, ಎಷ್ಟು ದಿನದೊಳಗೆ ಎಂಬುದೂ ಬೇಕು ಎಂದು.

ಎರಡನೆಯ ಆದೇಶ ಕೈಗೆ ಬಂದ ಮೇಲೆ ನನ್ನ ಹಳೆಯ ವಿದ್ಯೆ ಉಪಯೋಗಕ್ಕೆ ಬಂತು. ಕಚೇರಿಯಲ್ಲಿ ಕೆಲಸ ನಿಲ್ಲುವುದು ವ್ಯತ್ಯಾಸದ ತಃಖ್ತೆ (ಲೆಕ್ಕದ ಪಟ್ಟಿ) ಮಾಡುವವರಿಲ್ಲದೆ. ವಿಷಯ ನಿರ್ವಾಹಕನ ಮೇಜಿನ ಮೇಲೆ ನೂರು ಕಡತಗಳಿರುತ್ತವೆ. ಮೂರು ನಾಲ್ಕು ವರ್ಷದ ತಿಂಗಳುವಾರು ಲೆಕ್ಕ ಹಾಕಬೇಕಾದ ಕಡತ ಯಾವಾಗಲೂ ತಳದಲ್ಲಿ. ಆ ತಃಖ್ತೆಯನ್ನು ನೀವೇ ಮಾಡಿ ಆದೇಶದ ದೃಢೀಕೃತ ಪ್ರತಿಯ ಜೊತೆಗಿಡಿ. ತಿಂಗಳು, ಬರಬೇಕಾದ ಮೂಲ ಪಿಂಚಣಿ, ಬಂದದ್ದು, ವ್ಯತ್ಯಾಸ, ಆ ತಿಂಗಳ ತುಟ್ಟಿಭತ್ಯೆಯ ದರ, ಅದರ ಮೊತ್ತ, ಒಟ್ಟು. ಏಳು ಕಲಮು ಸಾಕು.

ನನ್ನದು ಹೀಗೆ. ನನ್ನ ಪಿಂಚಣಿ ಕೊನೆಯ ಮೂಲವೇತನದ ಅರ್ಧ. 51,400ರ ಅರ್ಧ 25,700. 52,650ರ ಅರ್ಧ 26,325. ತಿಂಗಳಿಗೆ ವ್ಯತ್ಯಾಸ 625 ರೂಪಾಯಿ. 2021ರ ಜುಲೈನಿಂದ 2024ರ ಜುಲೈವರೆಗೆ 37 ತಿಂಗಳು, 23,125 ರೂಪಾಯಿ, ತುಟ್ಟಿಭತ್ಯೆ ಬೇರೆ. ಏಳನೇ ವೇತನ ಆಯೋಗದ ಪರಿಷ್ಕರಣೆ ಕಾಲ್ಪನಿಕವಾಗಿ 2022ರ ಜುಲೈ 1ರಿಂದ, ಹಣವಾಗಿ 2024ರ ಆಗಸ್ಟ್ 1ರಿಂದ ಬಂತಲ್ಲ. 31ರಷ್ಟು ತುಟ್ಟಿಭತ್ಯೆ ವಿಲೀನ, 27.5 ಹೆಚ್ಚಳ, ಒಟ್ಟು ಶೇಕಡಾ 58.5. ಹಾಗಾಗಿ ಆಗಸ್ಟ್‌ನಿಂದ 625 ರೂಪಾಯಿ ಸುಮಾರು 990 ಆಗುತ್ತದೆ. ಈ ಏರಿಕೆಯನ್ನು ಕಚೇರಿಯವರು ಮರೆಯುತ್ತಾರೆ, ಹಳೆಯ 625ನ್ನೇ ಕೊನೆಯವರೆಗೂ ಎಳೆಯುತ್ತಾರೆ. ನನಗೂ ಹಾಗೆಯೇ ಆಗುತ್ತಿತ್ತು, ತಃಖ್ತೆ ನನ್ನದಾಗಿದ್ದರಿಂದ ಉಳಿಯಿತು. ಮಗ ಕಾಗದ ನೋಡಿ ಸುಮ್ಮನಾದ.

ಆಮೇಲಿನ ದಾರಿ ಹೀಗಿದೆ: ಬಟವಾಡೆ ಅಧಿಕಾರಿ ಸೇವಾ ಪುಸ್ತಕದಲ್ಲಿ ಕಾಲ್ಪನಿಕ ಬಡ್ತಿ ನಮೂದಿಸಿ ಪರಿಷ್ಕೃತ ಪ್ರಸ್ತಾವನೆಯನ್ನು ಬೆಂಗಳೂರಿನ ಮಹಾಲೇಖಪಾಲರ (ಎ.ಜಿ.) ಕಚೇರಿಗೆ ಕಳಿಸಬೇಕು, ಅಲ್ಲಿಂದ ಪರಿಷ್ಕೃತ ಪಿಂಚಣಿ ಆದೇಶ ಖಜಾನೆಗೆ, ಬಳಿಕ ಬ್ಯಾಂಕಿಗೆ. ಪ್ರತಿ ಹಂತದಲ್ಲೂ ಪತ್ರದ ಸಂಖ್ಯೆ, ದಿನಾಂಕ ಬರೆದುಕೊಳ್ಳಿ; ‘ಎ.ಜಿ.ಗೆ ಹೋಗಿದೆ’ ಎಂಬ ಮಾತಿಗೆ ಸಂಖ್ಯೆ ಇಲ್ಲದಿದ್ದರೆ ಹೋಗಿಲ್ಲ ಎಂದೇ ತಿಳಿಯಿರಿ. ಗಡುವು ಮೀರಿದರೆ ನ್ಯಾಯಮಂಡಳಿಯಲ್ಲಿ ನ್ಯಾಯಾಂಗ ನಿಂದನಾ ಅರ್ಜಿ ಹಾಕಬಹುದು, ಅದಕ್ಕೆ ಒಂದು ವರ್ಷದ ಮಿತಿ. ನಾವು ವಕೀಲರಿಂದ ಒಂದು ನೋಟಿಸು ಕೊಡಿಸಿದೆವು, ಅಷ್ಟಕ್ಕೇ ಕಡತ ಎದ್ದು ಕುಳಿತಿತು.

ನಮ್ಮ ಹತ್ತರಲ್ಲಿ ಒಬ್ಬರು ನಡುವೆಯೇ ತೀರಿಕೊಂಡರು. ಅವರ ಹೆಂಡತಿಗೆ ಎರಡು ಪ್ರತ್ಯೇಕ ಅರ್ಜಿ ಬರೆದುಕೊಟ್ಟೆ: ಗಂಡ ಬದುಕಿದ್ದ ದಿನದವರೆಗಿನ ಬಾಕಿ ಒಂದು, ನಂತರದ ಕುಟುಂಬ ಪಿಂಚಣಿಯ ವ್ಯತ್ಯಾಸ ಇನ್ನೊಂದು. ಒಂದರಲ್ಲೇ ಬೆರೆಸಿದರೆ ಎರಡೂ ಹಿಂದಕ್ಕೆ ಬರುತ್ತವೆ. ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದು, ನನ್ನ ಮುಂದೆಯೇ ಎರಡು ಕಡೆ ಸಹಿ ಮಾಡಿ, ‘ಅಕ್ಕಾ, ಅವರು ಇದ್ದಿದ್ದರೆ ಇದನ್ನೆಲ್ಲ ಅವರೇ ಬರೆಯುತ್ತಿದ್ದರು’ ಎಂದು ಹೇಳಿ ಹೋದರು.

ಬಾಕಿ ಒಟ್ಟಿಗೆ ಬಂದ ವರ್ಷ ಆದಾಯ ತೆರಿಗೆಯ ಲೆಕ್ಕ ಮೇಲೇರುತ್ತದೆ. ಯಾವ ಯಾವ ವರ್ಷಕ್ಕೆ ಸೇರಿದ್ದೋ ಆ ವರ್ಷಗಳಿಗೆ ಹಂಚಿ ಪರಿಹಾರ ಪಡೆಯಲು ನಾನು ಕಲಂ 89ರ ಅಡಿ ನಮೂನೆ 10ಇ ತುಂಬಿದೆ, ರಿಟರ್ನ್ ಸಲ್ಲಿಸುವ ಮೊದಲೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಂ, ನಮೂನೆಗಳ ಸಂಖ್ಯೆಯನ್ನು ಲೆಕ್ಕಪರಿಶೋಧಕರ ಬಳಿ ಕೇಳಿಕೊಳ್ಳಿ. ಹಣ ಬರುವ ಸುದ್ದಿ ಹಬ್ಬಿದ ಕೂಡಲೇ ‘ನಿಮ್ಮ ಹಿಂಬಾಕಿ ಮಂಜೂರಾಗಿದೆ, ಓಟಿಪಿ ಹೇಳಿ’ ಎಂದು ಕರೆ ಬರುತ್ತದೆ. ಖಜಾನೆ ಯಾರಿಗೂ ಫೋನು ಮಾಡಿ ಓಟಿಪಿ ಕೇಳುವುದಿಲ್ಲ.

ನನ್ನ ಖಾತೆಗೆ ಹಣ ಬಂದ ದಿನ ಪಾಸ್‌ಬುಕ್ ತಂದು ತಃಖ್ತೆಯ ಪಕ್ಕದಲ್ಲಿಟ್ಟು ನೋಡಿದೆ. ಎರಡು ತಿಂಗಳಿನದು ಕಡಿಮೆ. ನಮ್ಮ ಎರಡನೆಯ ಆದೇಶದಲ್ಲಿ ಇದ್ದದ್ದು ಅರ್ಜಿಯ ತಿಂಗಳಿನಿಂದ ಹಿಂದಕ್ಕೆ ಮೂರು ವರ್ಷದ ಬಾಕಿ. ಕಚೇರಿಯವರು ಮೊದಲ ಅರ್ಜಿಯ ನವೆಂಬರ್ 2023 ಬಿಟ್ಟು, ಎರಡನೆಯ ಅರ್ಜಿಯ ಸೆಪ್ಟೆಂಬರ್ 2024ರಿಂದ ಹಿಂದಕ್ಕೆ ಮೂರು ವರ್ಷ ಎಣಿಸಿದ್ದರು. 2021ರ ಜುಲೈ ಮತ್ತು ಆಗಸ್ಟ್ ಹೊರಗುಳಿದವು. 625 ಮತ್ತು 625, ಸೇರಿ 1,250 ರೂಪಾಯಿ. ಮತ್ತೆ ಒಂದು ಪುಟದ ಮನವಿ ಬರೆದಿದ್ದೇನೆ. ಟಪಾಲು ಶಾಖೆಯಲ್ಲಿ ಈಗ ಹೊಸ ಹುಡುಗಿಯೊಬ್ಬಳಿದ್ದಾಳೆ. ಕೇಳುವ ಮೊದಲೇ ಮೊಹರು ಹಾಕಿಕೊಟ್ಟಳು.