ಪ್ಯಾರಾಲೀಗಲ್ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ

ಪ್ಯಾರಾಲೀಗಲ್ (ವಕೀಲರಿಗೆ ಸಹಾಯಕರಾಗೋ ಕೆಲಸ) ಸರ್ಟಿಫಿಕೇಟ್ ಮಾಡ್ಲಾ ಅಂತ ಕೇಳಿದವರೇ, ಒಂದು ವಾರ ತಡೀರಿ. ಅದನ್ನ ಹಿಡಿದು ಕೋರ್ಟಲ್ಲಿ ವಾದ ಮಾಡೋಕಾಗಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ಅದಕ್ಕೆ ಕಾನೂನು ಪದವಿ, ಬಾರ್ ಕೌನ್ಸಿಲ್ ನೋಂದಣಿ ಎರಡೂ ಬೇಕು. ವಕೀಲರ ಆಫೀಸಲ್ಲಿ ಕೆಲಸಕ್ಕೆ ಸೇರೋಕೆ ಈ ಸರ್ಟಿಫಿಕೇಟ್ ಕಡ್ಡಾಯವೂ ಅಲ್ಲ.

ನನ್ನ ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ಫೈಲನ್ನ ಯಾರೂ ತೆರೆದೇ ನೋಡಲಿಲ್ಲ. ಸೀನಿಯರ್ ಒಂದು ಹಳೇ ಕ್ರಯಪತ್ರದ ಜೆರಾಕ್ಸ್ ಕೈಗಿಟ್ಟು, "ಚಕ್ಕುಬಂದಿ ಟೈಪ್ ಮಾಡಮ್ಮ, ಇಸಿ ಜೊತೆ ತಾಳೆ ನೋಡು" ಅಂದ್ರು. (ಚಕ್ಕುಬಂದಿ ಅಂದ್ರೆ ಆಸ್ತಿಯ ನಾಲ್ಕು ಕಡೆಯ ಗಡಿ ವಿವರ, ಇಸಿ ಅಂದ್ರೆ ಆಸ್ತಿಯ ಋಣಭಾರ ಪತ್ರ.) ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪಿಂಗ್ ಬರ್ತಿತ್ತು, ಬಚಾವಾದೆ! ಕೋರ್ಸಲ್ಲಿ ಇದನ್ನ ಹೇಳಿಕೊಟ್ಟೇ ಇರಲಿಲ್ಲ.

ಲೆಕ್ಕ ಹೀಗೆ ಹಾಕಿ: ಫೀಸು 30,000 ಆಗಿ, ಸಂಬಳ ತಿಂಗಳಿಗೆ 2,000 ಹೆಚ್ಚಾದ್ರೆ ಅಸಲು ಬರೋಕೇ 15 ತಿಂಗಳು. ಬಸ್ ಚಾರ್ಜು, ರಜೆ ಹಾಕಿದ ದಿನಗಳ ಸಂಬಳ ಬೇರೆ. ಕಂಪನಿಗಳ ಕಾಂಟ್ರ್ಯಾಕ್ಟ್ (ಕರಾರುಪತ್ರ) ನೋಡೋ ಕೆಲಸಕ್ಕೆ ಹೋಗೋದಾದ್ರೆ, ಇಂಗ್ಲಿಷ್ ಚೆನ್ನಾಗಿದ್ರೆ, ಸ್ವಲ್ಪ ಉಪಯೋಗ ಆದೀತು.

ಕಲಿಯೋ ಆಸೆ ಅಷ್ಟೇ ಇದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಆಯ್ಕೆಯಾದ ಪಿಎಲ್‌ವಿ (ಪ್ಯಾರಾ ಲೀಗಲ್ ವಾಲಂಟಿಯರ್), ಅಂದ್ರೆ ಜನರಿಗೆ ಕಾನೂನು ನೆರವು ಸಿಗೋಕೆ ಸಹಾಯ ಮಾಡೋ ಸ್ವಯಂಸೇವಕರಿಗೆ ಪುಕ್ಕಟೆ ತರಬೇತಿ ಕೊಡ್ತಾರೆ, ಕೆಲಸ ಮಾಡಿದ ದಿನಕ್ಕೆ ಗೌರವಧನವೂ ಇದೆ. ನೌಕರಿ ಅಂದ್ಕೋಬೇಡಿ, ಅಷ್ಟೇ.